ತಗಡಿಗೋ, ತಾರಸಿಗೋ?

ಎಲ್ಲ ರಗಳೆಗೂ ಮೂಲ ಒಂದು ಸೀಮೆಸುಣ್ಣದ ತುಂಡು. ಸೋಲಾರ್ ಕಂಪನಿಯ ಮೆಕ್ಯಾನಿಕ್ ಹಿಂದಿನ ದಿನ ಸಂಜೆ ಅದನ್ನು ನೋಡೋಣಪ್ಪನ ಅಂಗೈಯಲ್ಲಿಟ್ಟು ಹೇಳಿದ್ದ: "ನಾಳೆ ಒಂಬತ್ತರಿಂದ ನಾಲ್ಕರವರೆಗೆ ಗಂಟೆಗೊಂದು ಸಲ ಮೇಲೆ ಹತ್ತಿ ಸಾರ್. ಎಲ್ಲೆಲ್ಲಿ ನೆರಳು ಬಿದ್ದಿದೆಯೋ ಅದರ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೀರಿ. ಐದಕ್ಕೆ ನಾನು ಬರ್ತೀನಿ. ಎರಡು ಇನ್ವರ್ಟರ್‌ನಲ್ಲಿ ಯಾವುದು ಅಂತ ಹೇಳ್ಬಿಡಿ, ಆರ್ಡರ್ ಹಾಕ್ಬಿಡೋಣ."

ನೋಡೋಣಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಮನುಷ್ಯನಿಗೆ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಂದವರ ಮೂಗಿನ ಮೇಲೆ ಗಾಜು ಬದಲಿಸುತ್ತ "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಕೇಳುತ್ತಾನೆ. ಯಾರಾದರೂ ಅರೆಗಳಿಗೆ ತಡವರಿಸಿದರೆ "ಬೇಗ ಹೇಳಿ, ಹಿಂದೆ ಜನ ಕಾಯ್ತಿದ್ದಾರೆ" ಎಂದು ಗದರುವುದೂ ಉಂಟು. ಅದೇ ಮಹಾನುಭಾವನನ್ನು ಬಚ್ಚಲುಮನೆಗೆ ನೀಲಿ ಬಕೆಟ್ಟೋ ಹಸಿರು ಬಕೆಟ್ಟೋ ಎಂದು ಕೇಳಿ ನೋಡಿ. "ನೋಡೋಣ" ಅನ್ನುತ್ತಾನೆ. ಆ ನೋಡೋಣದಲ್ಲಿ ಮೂರು ತಿಂಗಳು ಕಳೆದವು. ಅಷ್ಟು ದಿನವೂ ಗಂಡಹೆಂಡಿರು ಹಳೇ ಬಣ್ಣದ ಡಬ್ಬದಲ್ಲೇ ಸ್ನಾನ ಮಾಡಿದರು.

ಅವನ ಮನೆಯೂ ಅವನ ಹಾಗೇ. ಮುಂದಿನರ್ಧ ಸಮತಟ್ಟಾದ ತಾರಸಿ, ಹಿಂದಿನರ್ಧ ಇಳಿಜಾರು ತಗಡು. ಕಟ್ಟುವಾಗ "ತಾರಸಿನಾ, ತಗಡಾ?" ಎಂದು ಗಾರೆಯವನು ಕೇಳಿದ ಪ್ರಶ್ನೆಗೆ ನೋಡೋಣಪ್ಪ ಕೊಟ್ಟ ಉತ್ತರದ ಫಲ ಅದು.

ಈಗ ಮೆಕ್ಯಾನಿಕ್ ಮುಂದಿಟ್ಟಿದ್ದ ಇನ್ವರ್ಟರುಗಳೂ ಎರಡು. ಒಂದು, ಗೋಡೆಗೆ ತೂಗುಹಾಕುವ ದೊಡ್ಡ ಪೆಟ್ಟಿಗೆ. ಮೇಲಿನ ಎಲ್ಲ ಫಲಕಗಳೂ ತಮ್ಮ ಕರೆಂಟನ್ನು ತಂದು ಅದಕ್ಕೇ ಸುರಿಯಬೇಕು. ಒಂದು ಫಲಕಕ್ಕೆ ನೆರಳು ಕವಿದರೆ ಉಳಿದವೂ ಮುಖ ಸಣ್ಣಗೆ ಮಾಡಿಕೊಳ್ಳುತ್ತವೆ. ಇನ್ನೊಂದು, ಪುಸ್ತಕದಷ್ಟು ಗಾತ್ರದ ಚಿಕ್ಕ ಪೆಟ್ಟಿಗೆಗಳು. ಪ್ರತಿ ಫಲಕದ ಬೆನ್ನಿಗೂ ಒಂದೊಂದು. ಅವರವರ ಬಿಸಿಲು ಅವರವರಿಗೆ. ತಾರಸಿಗೆ ಮೊದಲನೆಯದು ಒಳ್ಳೆಯದು, ಸೊಟ್ಟಪಟ್ಟ ಛಾವಣಿಗೆ ಎರಡನೆಯದು. ನಿಮ್ಮದೋ ಎರಡೂ ಇರುವ ಮನೆ, ನೀವೇ ಹೇಳಬೇಕು ಎಂದು ಅವನು ಕೈತೊಳೆದುಕೊಂಡಿದ್ದ.

ಸೋಲಾರ್ ಬೇಕಾದದ್ದು ಹೆಂಡತಿಗೆ. ತಗಡಿನ ಕೆಳಗಿನ ಕೋಣೆಯಲ್ಲಿ ಆಕೆಯ ಎರಡು ಕರೆಂಟಿನ ಹೊಲಿಗೆ ಮೆಷಿನ್ನುಗಳಿದ್ದವು. ಒಂದು ಆಸ್ಪತ್ರೆ ತಿಂಗಳಿಗೆ ಇನ್ನೂರು ಗೌನು ಹೊಲಿಸಿಕೊಳ್ಳಲು ಒಪ್ಪಿತ್ತು. ಆದರೆ ಪ್ರತಿದಿನ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೀದಿಯ ಕರೆಂಟು ಹೋಗುತ್ತಿತ್ತು. ಬರುವ ಒಂದನೇ ತಾರೀಖಿಗೆ ಆಸ್ಪತ್ರೆಯವರು ಬಂದು ನೋಡುತ್ತಾರೆ. ಮೆಷಿನ್ನು ಸುಮ್ಮನೆ ಕೂತದ್ದು ಕಂಡರೆ ಆರ್ಡರು ಬೇರೆಯವರಿಗೆ.

"ಈ ಮನೇಲಿ ಇಷ್ಟು ವರ್ಷ ಎಲ್ಲ ನಾನೇ ಹೇಳಿದ್ದಾಯ್ತು" ಎಂದಿದ್ದಳು ಆಕೆ ಬೆಳಗ್ಗೆ. "ಇದೊಂದು ನೀವು ಹೇಳಿ. ನಾನು ಬಾಯಿ ಬಿಡಲ್ಲ. ಇದು ನನ್ನ ಮೊದಲನೇ ದೊಡ್ಡ ಆರ್ಡರು ಕಣ್ರೀ. ಇದು ಕೈ ತಪ್ಪಿದ್ರೆ ಆಮೇಲೆ ನಿಮ್ಮನ್ನ ಏನೂ ಕೇಳೋದೂ ಇಲ್ಲ, ನಿಮಗೆ ಏನೂ ಹೇಳೋದೂ ಇಲ್ಲ."

ನೋಡೋಣಪ್ಪ ಹೇಗಾದರೂ ಮಾಡಿ ಇಂದು ಐದು ಗಂಟೆಗೆ ಗಂಡಸಾಗಿ ಒಂದು ಮಾತು ಹೇಳಿಬಿಡಬೇಕೆಂದು ಅಂಗಡಿಗೆ ರಜೆ ಹಾಕಿ ತಾರಸಿ ಹತ್ತಿದ.

ಒಂಬತ್ತು ಗಂಟೆಯ ಗೆರೆ ಸುಸೂತ್ರವಾಗಿ ಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಅಳತೆ ಮಾವ ಟೇಪು ಹಿಡಿದು ಮೇಲೆ ಬಂದರು. ಭೂಮಾಪನ ಇಲಾಖೆಯಿಂದ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅಳೆಯುವ ಚಟ ಅವರಿಗೆ ಬಿಟ್ಟಿರಲಿಲ್ಲ.

"ನೆರಳಿಗೆ ಗೆರೆ ಎಳೆಯೋದು ಅಂದ್ರೆ ಹೀಗೆ ಕೋಳಿ ಕೆದರಿದ ಹಾಗಲ್ಲಪ್ಪ. ಹಿಡ್ಕೋ ಈ ತುದಿ. ತಾರಸಿ ಮೇಲೆ ಹಾಕು, ಗೋಡೆಗೆ ಒಂದೇ ಪೆಟ್ಟಿಗೆ. ಮನೆಗೆ ಯಜಮಾನ ಒಬ್ಬನೇ ಇರಬೇಕು."

ಟೇಪಿನ ಸದ್ದಿಗೆ ಎದುರುಮನೆಯ ಬಸ್ ಡ್ರೈವರ್ ಓಡಿ ಬಂದ. ಅವನದು ತಗಡಿನ ಮನೆ. "ಬೇಡಿ ಅಣ್ಣಾ, ತಗಡೇ ಮೇಲು. ಒಂದೊಂದು ಫಲಕಕ್ಕೆ ಒಂದೊಂದು ಚಿಕ್ಕದು ಹಾಕಿ. ಒಂದು ಕೆಟ್ಟರೆ ಉಳಿದವು ನಡೀತವೆ. ನಮ್ಮ ಬಸ್ಸಲ್ಲಿ ಆರು ಟೈರಿಲ್ವಾ?"

"ಒಂದು ಪಂಕ್ಚರಾದ್ರೆ ನಿನ್ನ ಬಸ್ಸೇ ನಿಲ್ಲುತ್ತಲ್ಲೋ" ಎಂದರು ಮಾವ.

"ನಿಲ್ಲೋದು ಬಸ್ಸು, ಟೈರಲ್ಲ!"

ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನೋಡೋಣಪ್ಪ ಕುಕ್ಕರಗಾಲಿನಲ್ಲಿ ಕೂತು, ಹತ್ತು ಗಂಟೆಯ ನೆರಳುಗಳಿಗೆ ಗೆರೆ ಎಳೆಯುತ್ತ ಸಾಗಿದ. ನೆರಳು ಅಂದಮೇಲೆ ನೆರಳು. ಮಾವನದೂ ಬಿದ್ದಿತ್ತು, ಡ್ರೈವರನದೂ ಬಿದ್ದಿತ್ತು. ಅವಸರದಲ್ಲಿ ಅವಕ್ಕೂ ಗೆರೆ ಹಾಕಿ '೧೦' ಎಂದು ಬರೆದ.

ಹನ್ನೊಂದಕ್ಕೆ ಹಿಂದಿನ ಮನೆಯ ಸಂಗೀತದ ಟೀಚರಮ್ಮ ಒದ್ದೆ ಹಾಸಿಗೆಬಟ್ಟೆಗಳ ಬುಟ್ಟಿ ಹೊತ್ತು ಬಂದರು. "ಇಷ್ಟು ಬಿಸಿಲು ಸುಮ್ನೆ ಹಾಳಾಗ್ತಿದೆಯಲ್ಲಪ್ಪ. ಅರ್ಧ ಗಂಟೆ ಅಷ್ಟೆ, ಒಣಗಿದ ತಕ್ಷಣ ತೆಗೀತೀನಿ" ಎಂದು ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿ ಆರು ಬಟ್ಟೆ ಹರವಿದರು. ನೋಡೋಣಪ್ಪ ಬೇಡವೆನ್ನಲು ಬಾಯಿ ತೆರೆದ. ಬಾಯಿಂದ ಬಂದದ್ದು "ನೋಡೋಣ." ಅದಕ್ಕೂ ಗೆರೆ ಹಾಕಿದ. ಆ ಅರ್ಧ ಗಂಟೆ ಒಂದೂವರೆಯವರೆಗೂ ಮುಗಿಯಲಿಲ್ಲ.

ಹನ್ನೆರಡಕ್ಕೆ ಅಂಗಡಿಯ ಮಾಲೀಕನ ಫೋನು. "ಏನಯ್ಯಾ, ಇಲ್ಲಿ ನಾಲ್ಕು ಜನ ಕಣ್ಣು ಬಿಟ್ಕೊಂಡು ಕೂತಿದ್ದಾರೆ, ನೀನು ಮನೆ ಮೇಲೆ ಹತ್ತಿ ರಂಗೋಲಿ ಬಿಡ್ತಿದ್ದೀಯಂತೆ?"

"ಯಾರು ಸಾರ್ ಹೇಳಿದ್ದು?"

"ನಿಮ್ಮ ಬೀದಿ ಡ್ರೈವರ್. ಬಸ್ಸಲ್ಲಿ ಬರೋರಿಗೆಲ್ಲ ಹೇಳ್ತಾನಂತೆ."

ಊಟ ಮುಗಿಸಿ ಮೇಲೆ ಬರುವ ಹೊತ್ತಿಗೆ ಎರಡು ಗಂಟೆ. ಕೆಳಗೆ ಗರ್ರೆನ್ನುತ್ತಿದ್ದ ಮೆಷಿನ್ನುಗಳು ಟಕ್ಕನೆ ನಿಂತವು. ಕರೆಂಟು ಹೋಗಿತ್ತು. ಹೆಂಡತಿ ಒಂದು ಮಾತನ್ನೂ ಆಡದೆ, ಹೊಲಿದಷ್ಟು ಗೌನುಗಳನ್ನು ಗಂಟು ಕಟ್ಟಿ ಆಸ್ಪತ್ರೆಗೆ ಕೊಟ್ಟುಬರಲು ಹೊರಟಳು. ಗೇಟಿನ ಹತ್ತಿರ ಒಮ್ಮೆ ತಿರುಗಿ ಮೇಲೆ ನೋಡಿದಳು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವನಿಗೆ.

"ತಗಡಿನ ಮೇಲಿನ ನೆರಳನ್ನೂ ನೋಡ್ಬೇಕಲ್ಲ" ಎಂದ, ಬಸ್ಸಿನ ಒಂದು ಸುತ್ತು ಮುಗಿಸಿ ಮತ್ತೆ ಹಾಜರಾದ ಡ್ರೈವರ್. ಏಣಿ ಇಟ್ಟುಕೊಟ್ಟವನೂ ಅವನೇ. ನೋಡೋಣಪ್ಪ ಅಂಗಾಲು ಸುಡುವ ತಗಡಿನ ಮೇಲೆ ಕಪ್ಪೆಯ ಹಾಗೆ ನಾಲ್ಕು ಕಾಲಿನಲ್ಲಿ ಏರಿದ. ಕೆಳಗಿನಿಂದ ಮಾವ "ಎಡಕ್ಕೆ!" ಎಂದರು, ಡ್ರೈವರ್ "ಬಲಕ್ಕೆ!" ಎಂದ. ಎರಡೂ ಕಡೆ ಹೊರಟ ಅವನ ಕಾಲುಗಳು ಒಂದಕ್ಕೊಂದು ದೂರವಾಗಿ, ಪ್ಯಾಂಟು ಪರ್ ಎಂದು ಸೀಳಿ, ಆಸಾಮಿ ಜರ್ರನೆ ಜಾರಿ ತುದಿಯ ನೀರುದೋಣಿಗೆ ಹಿಮ್ಮಡಿ ಕೊಟ್ಟು ನಿಂತ.

ಮಾವ ಮತ್ತು ಡ್ರೈವರ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. "ನಿನ್ನ ತಗಡಿನ ಇಳಿಜಾರು ಎಷ್ಟು ಅಂತ ನಿನಗೇ ಗೊತ್ತಿಲ್ಲ" ಎಂದು ಮಾವ ಅಂದದ್ದೇ ತಡ, "ಬನ್ನಿ, ಈಗಲೇ ಅಳೀರಿ!" ಎಂದು ಡ್ರೈವರ್ ಏಣಿಯನ್ನು ಹೆಗಲಿಗೇರಿಸಿಕೊಂಡು ತನ್ನ ಮನೆಗೆ ಹೊರಟ. ನಡುವೆ ತೀರ್ಪು ಹೇಳಲು ಟೀಚರಮ್ಮನೂ ಹಿಂದೆ ಹೋದರು.

"ಏಣಿ! ಏಣಿ ಇಡ್ರೋ!" ಎಂದು ಕೂಗಿದ ನೋಡೋಣಪ್ಪ. ಬೀದಿಯ ತುದಿಯ ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಮೂರು ಗಂಟೆ. ತಗಡು ಕಾದ ಕಾವಲಿಯಾಗಿತ್ತು. ಆಗ ಮಾವನ ಮನೆಯ ನೀರಿನ ಟ್ಯಾಂಕಿನ ನೆರಳು ಅಂಚಿನಿಂದ ಮೆಲ್ಲಗೆ ತಗಡಿನ ಮೇಲೆ ಹತ್ತಿತು. ನೋಡೋಣಪ್ಪ ಅದರೊಳಗೆ ತೂರಿಕೊಂಡ. ನೆರಳು ಸರಿದಂತೆ ತಾನೂ ಸರಿದ. ಅದು ಒಂದು ಗೇಣು ಹೋದರೆ ಇವನೂ ಒಂದು ಗೇಣು. ಒಂದೂವರೆ ಗಂಟೆಯ ಕಾಲ ಹೀಗೆ ತಗಡಿನ ಈ ಕೊನೆಯಿಂದ ಆ ಕೊನೆಯವರೆಗೆ ಬಸವನಹುಳುವಿನಂತೆ ತೆವಳಿದ ಮೇಲೆ, ಏಣಿ ವಾಪಸು ತಂದ ಡ್ರೈವರ್ "ಅಯ್ಯೋ, ಇನ್ನೂ ಇಲ್ಲೇ ಇದ್ದೀರಾ ಅಣ್ಣಾ?" ಎಂದ.

ಐದಕ್ಕೆ ಸರಿಯಾಗಿ ಮೆಕ್ಯಾನಿಕ್ ಬಂದ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ, ಕೇಳದ್ದಕ್ಕೆ ಬಾಯಿ ಹಾಕದ ತಣ್ಣನೆಯ ಮನುಷ್ಯ. ಹಿಂದೆಯೇ ಮಾವ, ಡ್ರೈವರ್, ಟೀಚರಮ್ಮ ಮೂವರೂ ತಾರಸಿಗೆ ಬಂದು ನಿಂತರು. ಮೆಕ್ಯಾನಿಕ್ ಗೆರೆಗಳನ್ನು ನೋಡುತ್ತ ನಡೆದ. ಹುಬ್ಬು ಮೇಲೇರಿತು.

"ಹನ್ನೊಂದು ಗಂಟೆಗೆ ಇಲ್ಲಿ ಆರು ಗೋಡೆ ನೆರಳಿದೆ. ಗೋಡೆ ಎಲ್ಲಿ ಸಾರ್?"

"ಒಣಗಿದ ತಕ್ಷಣ ತೆಗೆದೆ" ಎಂದರು ಟೀಚರಮ್ಮ.

"ಇದೇನಿದು, ಹತ್ತು ಗಂಟೆಗೆ ದುಂಡಗೆ?"

"ನನ್ನ ಹೊಟ್ಟೆ" ಎಂದರು ಮಾವ, ಮುಜುಗರದಿಂದ ಟೇಪು ಸುತ್ತುತ್ತ.

ಮೆಕ್ಯಾನಿಕ್ ಕೈಲಿದ್ದ ಆರ್ಡರ್ ಪುಸ್ತಕ ಮುಚ್ಚಿದ. "ಈ ಲೆಕ್ಕದಲ್ಲಿ ನಿಮ್ಮ ತಾರಸಿಗೆ ಬಿಸಿಲೇ ಬೀಳಲ್ಲ ಸಾರ್. ಬಿಸಿಲು ಬಿದ್ದಿರೋದು ನೀವು ಕೂತು ಗೆರೆ ಎಳೆದ ಜಾಗದಲ್ಲಿ ಮಾತ್ರ."

"ನಾನು ಮೊದಲೇ ಹೇಳಿದೆ, ಒಂದೇ ಪೆಟ್ಟಿಗೆ..." ಎಂದು ಮಾವ ಶುರುಮಾಡಿದರು. "ಚಿಕ್ಕವು, ಚಿಕ್ಕವು!" ಎಂದು ಡ್ರೈವರ್ ಕೂಗಿದ.

ಅಲ್ಲಿಗೆ ನೋಡೋಣಪ್ಪನ ಪಿತ್ತ ನೆತ್ತಿಗೇರಿತು. "ಸುಮ್ನಿರ್ರೀ ಎಲ್ರೂ!" ಎಂದು ಅವನು ಅರಚಿದ ಸದ್ದಿಗೆ ತಂತಿಯ ಮೇಲಿನ ಕಾಗೆಗಳು ಎದ್ದವು. "ಬೆಳಗ್ಗಿಂದ ತಲೆ ತಿಂದಿದ್ದು ಸಾಕು. ಆ ತಗಡಿನ ಮೇಲೆ ಎರಡು ಗಂಟೆಗೂ ಹೆಚ್ಚು ಬೆಂದವನು ನಾನು. ಮೂರು ಗಂಟೆಗೆ ಟ್ಯಾಂಕಿನ ನೆರಳು ಎಲ್ಲಿ ಬರುತ್ತೆ, ಎಷ್ಟು ಹೊತ್ತಿಗೆ ಯಾವ ಶೀಟು ದಾಟುತ್ತೆ, ಇಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಅದು ನನಗೆ. ನೆರಳು ಒಂದೊಂದೇ ಫಲಕದ ಮೇಲೆ ಹೋಗುತ್ತೆ. ಹಾಗಾಗಿ ಚಿಕ್ಕವೇ ಬೇಕು. ಒಂದೊಂದಕ್ಕೆ ಒಂದೊಂದು. ಮುಗೀತು!"

ಮೆಕ್ಯಾನಿಕ್ ತಲೆದೂಗಿದ. "ಸರಿಯಾಗಿ ಹೇಳಿದ್ರಿ ಸಾರ್. ನಾನೂ ಅದನ್ನೇ ಹೇಳ್ತಿದ್ದೆ."

ನೋಡೋಣಪ್ಪನ ಎದೆ ಎರಡು ಅಂಗುಲ ಉಬ್ಬಿತು. ಮಾವ ತಮ್ಮ ಬಳಿಯಿದ್ದ ಟೇಪಿನಿಂದ ಅಳೆದಿದ್ದರೆ ಮೂರೇ ಬರುತ್ತಿತ್ತೇನೋ. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮಾತು ಅವನ ಬಾಯಿಂದ ಪೂರ್ತಿಯಾಗಿ ಹೊರಬಿದ್ದಿತ್ತು. ಆ ಹೊತ್ತಿಗೇ ಹೆಂಡತಿ ಖಾಲಿ ಚೀಲದೊಂದಿಗೆ ಮೆಟ್ಟಿಲು ಹತ್ತಿ ಬಂದಳು. "ತೀರ್ಮಾನ ಆಯ್ತು ಕಣೇ" ಎಂದ, ಹರಿದ ಪ್ಯಾಂಟಿನ ಮೇಲೆ ಕೈ ಮುಚ್ಚಿಕೊಂಡು. ಆಕೆಯ ಕಣ್ಣು ತುಂಬಿ ಬಂತು. ಅದನ್ನು ನೋಡಿ ಇವನದೂ ತುಂಬಿತು.

"ಬಾಯಿ ಬಿಡಲ್ಲ ಅಂದಿದ್ದೆ. ಆದ್ರೂ ಒಂದು ಮಾತು ಕೇಳ್ತೀನಿ" ಎಂದು ಆಕೆ ಮೆಕ್ಯಾನಿಕ್ ಕಡೆ ತಿರುಗಿದಳು. "ಮಧ್ಯಾಹ್ನ ಕರೆಂಟು ಹೋದಾಗ ಇದರಲ್ಲಿ ನನ್ನ ಮೆಷಿನ್ನು ಎರಡೂ ಓಡ್ತವಲ್ಲಪ್ಪ?"

"ಕರೆಂಟು ಹೋದಾಗ್ಲಾ?" ಮೆಕ್ಯಾನಿಕ್ ಬೆರಗಾದ. "ಇಲ್ಲಮ್ಮ. ಬೀದಿ ಕರೆಂಟು ಹೋದ್ರೆ ಇದೂ ತಾನಾಗೇ ನಿಂತುಹೋಗುತ್ತೆ. ನಿಲ್ಲಲೇಬೇಕು. ಇಲ್ಲಾಂದ್ರೆ ಕಂಬ ಹತ್ತಿರೋ ಲೈನ್‌ಮನ್‌ಗೆ ಶಾಕ್ ಹೊಡೆಯುತ್ತೆ."

"ಮತ್ತೆ ಆ ದೊಡ್ಡ ಪೆಟ್ಟಿಗೆ?"

"ಅದೂ ನಿಲ್ಲುತ್ತೆ."

"ಹಾಗಾದ್ರೆ ಇವು ಇರೋದು ಯಾಕೆ?"

"ಬಿಲ್ಲು ಕಮ್ಮಿಯಾಗೋಕೆ."

ನೋಡೋಣಪ್ಪನ ಎದೆ ಇದ್ದ ಅಳತೆಗೆ ಇಳಿಯಿತು. "ಇದನ್ನ ನೀನು ಮೊದಲೇ ಯಾಕಯ್ಯ ಹೇಳಲಿಲ್ಲ?"

"ನೀವು ಕೇಳಿದ್ದು ತಗಡಿಗೆ ಯಾವುದು, ತಾರಸಿಗೆ ಯಾವುದು ಅಂತ ಸಾರ್. ಕರೆಂಟು ಹೋಗೋ ವಿಷಯ ಯಾರೂ ಎತ್ತಲೇ ಇಲ್ಲ. ಅದಕ್ಕೆ ಮೂರನೇ ಥರದ್ದು ಬರುತ್ತೆ, ಬ್ಯಾಟರಿ ಇರೋದು."

ಮಾವ ಆಕಾಶ ನೋಡಿದರು. ಡ್ರೈವರ್ ಚಪ್ಪಲಿ ನೋಡಿಕೊಂಡ. ಹೆಂಡತಿ ಮಾತ್ರ ಯಾರನ್ನೂ ನೋಡಲಿಲ್ಲ. "ಒಂದನೇ ತಾರೀಖಿನೊಳಗೆ ಹಾಕಿಕೊಡ್ತೀಯಾ?"

"ಈಗಲೇ ಹೇಳಿದ್ರೆ ಆಗುತ್ತಮ್ಮ. ಆದ್ರೆ ಬ್ಯಾಟರೀಲಿ ಎರಡು ಥರ ಇದೆ. ಒಂದಕ್ಕೆ ಆಗಾಗ ನೀರು ಹಾಕ್ಬೇಕು, ಇನ್ನೊಂದಕ್ಕೆ ಬೇಡ."

ಮಾವನ ಗಂಟಲು, ಡ್ರೈವರನ ಗಂಟಲು ಒಟ್ಟಿಗೆ ಕೆಮ್ಮಿದವು. ನೋಡೋಣಪ್ಪ ಗಲ್ಲ ತುರಿಸಿಕೊಂಡ. ಅಷ್ಟರಲ್ಲಿ ಹೆಂಡತಿ "ನೀರು ಬೇಡದ್ದು" ಎಂದು, ಮೆಕ್ಯಾನಿಕ್ ಕೈಯಿಂದ ಪೆನ್ನು ಕಿತ್ತುಕೊಂಡು ಆರ್ಡರ್ ಪುಸ್ತಕದಲ್ಲಿ ಸಹಿ ಹಾಕಿಯೇಬಿಟ್ಟಿದ್ದಳು. ಇಡೀ ವ್ಯವಹಾರಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

"ಇನ್ನೊಂದು ವಿಷಯ ಅಮ್ಮ. ಬ್ಯಾಟರಿ ದೊಡ್ಡದಿರುತ್ತೆ. ಗಾಳಿಯಾಡೋ, ತಂಪಾಗಿರೋ ಒಂದು ಮೂಲೆ ಬೇಕು."

"ಇದೆಯಲ್ಲ, ನಡುಮನೆ ಕಿಟಕಿ ಪಕ್ಕ. ಇವರ ಮಂಚ ಇರೋ ಜಾಗ."

"ಮತ್ತೆ ನಾನೆಲ್ಲೇ ಮಲಗೋದು?" ಎಂದ ನೋಡೋಣಪ್ಪ, ದನಿ ಸಣ್ಣಗಾಗಿ.

ಹೆಂಡತಿ ಖಾಲಿ ಚೀಲ ಕೊಡವಿ ಮಡಚುತ್ತ ಮೆಟ್ಟಿಲ ಕಡೆ ನಡೆದಳು.

"ತಗಡು ಇದೆ, ತಾರಸಿ ಇದೆ. ಅದನ್ನ ನೀವೇ ತೀರ್ಮಾನ ಮಾಡಿ."