ಮುಳ್ಳಿಲ್ಲದ ಮೀನಿನ ಮುಳ್ಳು

ನಾಲ್ಕು ವರ್ಷದ ಪುಟ್ಟಿ ಆರು ತಿಂಗಳಿಂದ ಹನ್ನೆರಡೂವರೆ ಕಿಲೋದಲ್ಲೇ ನಿಂತುಬಿಟ್ಟಿದ್ದಳು. ತಕ್ಕಡಿಯೇ ಕೆಟ್ಟಿರಬಹುದೆಂದು ಅವಳ ತಾಯಿ ಮೂರು ಕಡೆ ತೂಗಿಸಿ ನೋಡಿದ್ದಳು (ಅದರಲ್ಲೊಂದು ಗುಜರಿ ಅಂಗಡಿ, ಗಂಡನಿಗೆ ಹೇಳಿಲ್ಲ). ಡಾಕ್ಟರಮ್ಮ ಮಾತ್ರ "ಮಗು ಚೆನ್ನಾಗಿದೆ. ಸ್ವಲ್ಪ ಮೀನು ಗೀನು ಕೊಡಿ, ನೀವು ಸ್ವಲ್ಪ ನಿದ್ದೆ ಮಾಡಿ" ಎಂದು ಚೀಟಿ ಬರೆಯದೆಯೇ ಕಳಿಸಿದ್ದರು. ಚೀಟಿಗೂ ನಿಲುಕದ ಕಾಯಿಲೆ ಎಂದ ಮೇಲೆ ದೊಡ್ಡದೇ ಇರಬೇಕೆಂದು ತಾಯಿ ತೀರ್ಮಾನಿಸಿದಳು.

ಮೀನು ಎಂದರೆ ಮುಳ್ಳು. ಮುಳ್ಳು ಎಂದರೆ ಗಂಟಲು. ಗಂಟಲು ಎಂದರೆ... ಮುಂದಕ್ಕೆ ಯೋಚಿಸಲಾರದೆ, ಮುಳ್ಳು ತೆಗೆದ ಹೋಳುಗಳನ್ನೇ ಹುಡುಕಿ ತಂದಳು. ಪೊಟ್ಟಣದ ಮೇಲೆ 'ಮುಳ್ಳುರಹಿತ' ಎಂದೇನೋ ಅಚ್ಚಾಗಿತ್ತು. ಆದರೆ ಅವಳ ಉದ್ಯೋಗವೇ ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಅಚ್ಚಾದದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಗಡಿಯಾರ ರಿಪೇರಿ ಮಾಡುವ ಗಂಡನ ಚಿಮಟ, ಭೂತಗನ್ನಡಿ ಎರಡನ್ನೂ ಕೇಳದೆ ಎತ್ತಿಕೊಂಡು ಮತ್ಸ್ಯಶೋಧನೆಗೆ ಕೂತಳು.

ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತ. "ಲೇ, ಅದು ಮೀನೋ, ಕೈಗಡಿಯಾರವೋ?"

"ನಿಮಗೇನು ರೀ, ಎಲ್ಲಾ ತಮಾಷೆ. ಒಂದೇ ಒಂದು ಮುಳ್ಳು ಸಾಕು!"

"ಸಿಕ್ತಾ?"

"ಇನ್ನೂ ಇಲ್ಲ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು? ಎಲ್ಲೋ ಅಡಗಿ ಕೂತಿದೆ ಅಂತ ಅರ್ಥ."

ಪುಟ್ಟಿಗೆ ಮೆತ್ತಗಿನದು ಸೇರದು. ಕರುಂ ಕುರುಂ ಎನ್ನುವುದಾದರೆ ಪೆನ್ಸಿಲ್ ಆದರೂ ಸರಿ. ಅದಕ್ಕಾಗಿಯೇ ತಾಯಿಗೆ ಆ ಮಹದಾಲೋಚನೆ ಹೊಳೆದದ್ದು: ಮೀನಿಗೆ ಬೀಜಕವಚ ತೊಡಿಸುವುದು! ಎಳ್ಳು, ಕುಂಬಳಬೀಜ, ಸೂರ್ಯಕಾಂತಿ ಬೀಜ ಮೂರನ್ನೂ ತರಿತರಿಯಾಗಿ ಕುಟ್ಟಿಕೊಂಡಳು. ಹೋಳುಗಳ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಉಪ್ಪು, ಮೆಣಸಿನ ಪುಡಿ, ನಿಂಬೆರಸ ಸವರಿ, ಮೊಟ್ಟೆಯ ಬಿಳಿಯಲ್ಲಿ ಅದ್ದಿ, ಬೀಜದ ಮೇಲಿಟ್ಟು ಒತ್ತಿದಳು. ಕವಚಧಾರಿ ಮೀನು ರಣರಂಗಕ್ಕೆ ಹೊರಟಂತೆ ಬಾಣಲೆಗೆ ಇಳಿಯಿತು. ಬೆಂದಿತೋ ಇಲ್ಲವೋ ಎಂದು ಅರೆ ನಿಮಿಷಕ್ಕೊಮ್ಮೆ ಎತ್ತಿ ನೋಡಿದ್ದರಿಂದ, ಮೊದಲನೆಯ ವೀರ ಕವಚವನ್ನು ಬಾಣಲೆಗೇ ಒಪ್ಪಿಸಿ ಬೆತ್ತಲೆಯಾಗಿ ಹಿಂದಿರುಗಿದ.

ಅತ್ತೆ ಇಪ್ಪತ್ತೆಂಟು ವರ್ಷ ಶಿಶುವಿಹಾರದಲ್ಲಿ ಆಯಾ ಆಗಿದ್ದವರು. ಎದ್ದು ಬಂದು ಸಟ್ಟುಗ ಕಿತ್ತುಕೊಂಡರು. "ನೀನು ಹೋಗಿ ತಟ್ಟೆ ಹಾಕಮ್ಮ. ಹೀಗೆ ಹಣಕಿ ಹಣಕಿ ನೋಡಿದ್ರೆ ಮೀನಿಗೂ ನಾಚಿಕೆ ಆಗುತ್ತೆ."

ಅವರ ಕೈಯಲ್ಲಿ ಉಳಿದ ಏಳು ಹೋಳುಗಳು ಹೊಂಬಣ್ಣಕ್ಕೆ ತಿರುಗಿದವು. ಮನೆಯೆಲ್ಲ ಹುರಿದ ಎಳ್ಳಿನ ಘಮ.

ತಾನು ತೋಡಿದ ಗುಂಡಿ ಎಂಥದೆಂದು ಅವಳಿಗೆ ಗೊತ್ತಾದದ್ದು ಊಟಕ್ಕೆ ಕೂತ ಮೇಲೆ. ಕವಚ ಅಷ್ಟು ಗರಿಗರಿಯಾಗಿತ್ತು. ಗಂಡ ಮೊದಲ ತುತ್ತು ಬಾಯಿಗಿಟ್ಟ. ಕರುಂ!

"ಉಗೀರಿ!"

"ಯಾಕೇ?"

"ಸದ್ದು ಬಂತು. ಮುಳ್ಳು!"

"ಕುಂಬಳಬೀಜ ಕಣೇ."

"ಎಲ್ಲಿ, ತೋರಿಸಿ."

ತೋರಿಸಿದ. ಕುಂಬಳಬೀಜವೇ. ಅಷ್ಟರಲ್ಲಿ ಅತ್ತೆಯ ಕಡೆಯಿಂದ ಕುರುಂ!

"ಅಯ್ಯೋ ಅತ್ತೆ, ಉಗಿದ್ಬಿಡಿ!"

"ನಾನು ಉಗಿಯೋದಕ್ಕೆ ಶುರು ಮಾಡಿದ್ರೆ ನಿನಗೇ ಉಗೀಬೇಕಾಗುತ್ತೆ. ಸುಮ್ನೆ ತಿನ್ನು."

ಪುಟ್ಟಿ ಇದನ್ನೆಲ್ಲ ನೋಡುತ್ತ, ಬೀಗ ಜಡಿದ ಅಂಗಡಿಯ ಹಾಗೆ ತುಟಿ ಮುಚ್ಚಿ ಕೂತಿದ್ದಳು. ದೊಡ್ಡವರೇ ಉಗಿಯುವ ತಿನಿಸನ್ನು ಯಾವ ಮಗು ತಿಂದೀತು?

"ಹೆದರಬೇಡ ಬಂಗಾರಿ, ಮೊದಲು ಅಮ್ಮ ತಿಂದು ನೋಡ್ತೀನಿ" ಎಂದು ತಾಯಿ ಮಗುವಿನ ಪಾಲಿನಿಂದ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಅದೇ ಗಳಿಗೆಗೆ ಗಂಡ ಮತ್ತೆ ಕರುಂ ಎನ್ನಬೇಕೇ! "ಉ..." ಎಂದು ಕೂಗಲು ಹೋದವಳ ಬಾಯಲ್ಲಿದ್ದದ್ದು ಇದ್ದ ಹಾಗೇ ಒಳಗೆ ಜಾರಿತು. ಗಂಟಲಲ್ಲಿ ಏನೋ ಚುಚ್ಚಿಕೊಂಡಿತು. ಕಣ್ಣಲ್ಲಿ ನೀರು. ಕೈಯಲ್ಲೇ ಮುಳ್ಳಿನ ಆಕಾರ ಬರೆದು ತೋರಿಸಿದಳು.

ಗಂಡ ಬಚ್ಚಲಮನೆಗೆ ನಡೆಸಿಕೊಂಡು ಹೋದ. ಬೆನ್ನಿಗೆ ಗುದ್ದು, ಬಾಯಿಗೆ ಬ್ರೆಡ್ಡಿನ ಉಂಡೆ, ಮೇಲೊಂದು ಬಾಳೆಹಣ್ಣು, ಎರಡು ಚೆಂಬು ನೀರು. ತಾನು ಹೋದ ಮೇಲೆ ಮಗುವಿನ ಉಗುರನ್ನು ತುದಿ ನೋಯದಂತೆ ಯಾರು ಕತ್ತರಿಸುತ್ತಾರೆ ಎಂಬಲ್ಲಿಯವರೆಗೆ ಅವಳ ಚಿಂತೆ ತಲುಪಿತ್ತು. ಕಾಲು ಗಂಟೆಯ ಮೇಲೆ ಒಂದು ದೊಡ್ಡ ಕೆಮ್ಮಿನ ಜೊತೆ ಅದು ಹೊರಬಿತ್ತು: ಸೂರ್ಯಕಾಂತಿ ಬೀಜದ ಒಂದು ಚೂರು ಸಿಪ್ಪೆ.

"ಅಭಿನಂದನೆಗಳು. ಅಂತೂ ಮುಳ್ಳು ಸಿಕ್ತು" ಎಂದ ಗಂಡ, ಅವಳ ಮುಖ ಒರೆಸುತ್ತ.

ತಿರುಗಿ ಬಂದರೆ ಪುಟ್ಟಿಯ ತಟ್ಟೆ ಖಾಲಿ.

"ಅತ್ತೆ, ಇವಳ ಪಾಲು ಎಲ್ಲಿ?"

"ಅವಳ ಹೊಟ್ಟೇಲಿ."

"ಎರಡು ತಿಂದೆ ಅಮ್ಮ! ಅಜ್ಜೀದೂ ಒಂದು!" ಪುಟ್ಟಿಯ ಕೆನ್ನೆ, ಗಲ್ಲ, ಹುಬ್ಬಿನ ಮೇಲೂ ಎಳ್ಳು.

ಬಾಯಿ ತೆರೆಸಿ ನೋಡಲು ಮುಂದಾದ ಬೆರಳುಗಳನ್ನು ತಾಯಿ ಸೆರಗಿನಲ್ಲಿ ಸುತ್ತಿಟ್ಟುಕೊಂಡಳು. ಆರು ತಿಂಗಳಲ್ಲಿ ಮೊದಲ ಸಲ ಮಗು ತಾನಾಗಿ ಉಂಡಿತ್ತು. ಸಿಪ್ಪೆಗೋ, ಮೀನಿಗೋ, ಗಂಡನ ಗುದ್ದಿಗೋ, ಯಾರಿಗೆ ಕೈ ಮುಗಿಯಬೇಕೆಂದು ತೋಚದೆ ಅತ್ತೆಯ ಎಣ್ಣೆಗೈಯನ್ನೇ ಹಿಡಿದುಕೊಂಡಳು. "ಏನು ಮಾಡಿದ್ರಿ ಅತ್ತೆ? ನನಗೂ ಹೇಳಿಕೊಡಿ."

"ಏನೂ ಮಾಡ್ಲಿಲ್ಲ ಕಣಮ್ಮ. ನೀನಿರಲಿಲ್ಲ, ಅಷ್ಟೆ."

ಅಳುತ್ತಲೇ ನಕ್ಕಳು. "ನಾಳೆನೂ ಇದನ್ನೇ ಮಾಡ್ತೀನಿ."

ಪುಟ್ಟಿಯ ಕಣ್ಣು ಅರಳಿತು. "ಅಜ್ಜಿ, ನಾಳೆನೂ ಅಮ್ಮಂಗೆ ಗಂಟಲಿಗೆ ಸಿಕ್ಕುತ್ತಾ?"

"ದಿನಾ ಎಲ್ಲಿ ಸಿಕ್ಕುತ್ತೆ ಮರಿ?" ಅತ್ತೆ ಸೊಸೆಯ ಮುಖ ನೋಡಿದರು. "ಆದ್ರೂ ಒಳಗೆ ಹೋಗಿ ಒಂದಿಷ್ಟು ಕೆಮ್ಮುತ್ತಾಳೆ ಬಿಡು. ಅಷ್ಟೂ ಮಾಡಲ್ವಾ ತಾಯಿ?"

ಮರುದಿನ ಊಟದ ಹೊತ್ತಿಗೆ ಬಚ್ಚಲಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತು, ಬಾಗಿಲಿಗೆ ಕಿವಿ ಹಚ್ಚಿ, ಅವಳು ಶ್ರದ್ಧೆಯಿಂದ ಕೆಮ್ಮುತ್ತಿದ್ದಳು. ಆಚೆಯಿಂದ ಕರುಂ ಕುರುಂ ಎಂಬ ಮಂಗಳವಾದ್ಯ ಕೇಳುತ್ತಿತ್ತು. ಅದರ ಸುಖದಲ್ಲಿ ಒಂದು ಗಳಿಗೆ ಮೈಮರೆತಳು ಅಷ್ಟೆ, ವಾದ್ಯ ನಿಂತಿತು.

"ಅಮ್ಮಾ," ತುಂಬಿದ ಬಾಯಿಂದ ಪುಟ್ಟಿ ಗದರಿದಳು, "ಕೆಮ್ಮು!"