ಹರಿಗೋಲಿಗೆ ವಾಲಗ ಬೇಡವೆಂದೆ

ನನ್ನ ಕಣ್ಣಿಗೆ ಮಣ್ಣೆರಚುವವರು ಹಿಂದೂಪುರದಲ್ಲಿ ಇನ್ನೂ ಹುಟ್ಟಿಲ್ಲ ಎಂದುಕೊಂಡಿದ್ದೆ. ಯಜಮಾನರು ಹೋಗಿ ಹತ್ತು ತಿಂಗಳಾಗಿತ್ತು. ಹುಣಸೆಹಣ್ಣಿನ ವ್ಯಾಪಾರ ಅವರದು. ಜನರ ಮೇಲೆ ಅನುಮಾನ ಪಡುವ ಕೆಲಸವೂ ಅವರದೇ. ಅವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಅವರಿಗಿಂತ ಚೆನ್ನಾಗಿಯೇ ಮಾಡಿದೆ!

ಯುದ್ಧ ಮುಗಿದ ವರ್ಷ ಊರಾಚೆಯ ಕೆರೆ ಕೋಡಿ ಬಿತ್ತು. ಮೈದುನ ಮರುಳಸಿದ್ದಪ್ಪ ಒಂದು ಹರಿಗೋಲನ್ನು ಇಡೀ ದಿನಕ್ಕೆ ಗೊತ್ತುಮಾಡಿ ಬಂದ.

“ಅತ್ತಿಗಮ್ಮ, ಮನೇಲೇ ಕುಂತು ಕುಂತು ಸೊರಗ್ಬುಟ್ರಿ. ಎಲ್ರೂ ನೀರ್ ಮ್ಯಾಲೆ ಒಂದ್ಸುತ್ತು ಹೋಗ್ಬರಾಣ. ವಾಲಗದ ನಾರಪ್ಪಂಗೂ ಹೇಳಿವ್ನಿ. ಭ್ರಮರಿಗೆ ಆ ಹಸುರು ರೇಷ್ಮೆ ಉಡ್ಸಿ.”

ವಾಲಗ! ನನ್ನ ಕಿವಿ ನೆಟ್ಟಗಾಯಿತು. ನೀರು ನೋಡಲು ಹೋಗುವವರಿಗೆ ವಾಲಗವೇಕೆ? ರೇಷ್ಮೆಯೇಕೆ? ವಾಲಗ ಊದಿಸುವುದು ಹೆಣ್ಣು ಗೊತ್ತುಮಾಡುವ ಒಪ್ಪಿತಕ್ಕೆ, ಮದುವೆಗೆ. ಮನೆಯಲ್ಲಿ ಮದುವೆಗೆ ಬಂದವಳು ಒಬ್ಬಳೇ, ನನ್ನ ಮಗಳು ಭ್ರಮರಾಂಬ. ಮುಗಿಯಿತು! ನನ್ನನ್ನು ಕೇಳದೆ ಯಾರಿಗೋ ಮಾತು ಕೊಟ್ಟುಬಿಟ್ಟಿದ್ದಾನೆ. ನಡುನೀರಿನಲ್ಲಿ ಎಲೆಅಡಿಕೆ ಬದಲಾಯಿಸಿದರೆ ನಾನೇನು ಮಾಡಲಿ? ಗಂಡ ಸತ್ತವಳ ಮಾತನ್ನು ದಡದ ಮೇಲೇ ಯಾರೂ ಕೇಳುವುದಿಲ್ಲ.

ಒಲೆಯ ಮುಂದೆ ಮಗಳಿಗೆ ಹೇಳಿದೆ. “ನಿನ್ ಚಿಕ್ಕಪ್ಪ ಏನೋ ಹೂಡವ್ನೆ ಕಣೇ.”

“ವಾಲಗ ಬ್ಯಾಡ, ಭಜನೆ ಇರ್ಲಿ ಅನ್ನವ್ವ. ಭಜನೇಲಿ ಯಾರಾದ್ರೂ ಒಪ್ಪಿತ ಮಾಡ್ತಾರಾ?”

ಎಂಥ ಬುದ್ಧಿ! ಅವರಪ್ಪನದೇ.

“ಇಲ್ಲಿನ ಭಜನೆಯೋರೆಲ್ಲ ಚಿಕ್ಕಪ್ಪನ ಕಡೆಯೋರು,” ಎಂದಳು. “ಕಲ್ಯಾಣದುರ್ಗದಲ್ಲಿ ದೊಡ್ಡಮ್ಮನ ಮನೆ ತಾವ ಹಾಡ್ತಾರಲ್ಲ, ಅವ್ರನ್ನ ಕರ್ಸು.”

ನನಗೆ ಅಕ್ಷರ ಅಷ್ಟಕ್ಕಷ್ಟೆ. ನಾನು ಹೇಳಿದೆ, ಭ್ರಮರಿಯೇ ನಮ್ಮಕ್ಕನಿಗೆ ಕಾಗದ ಬರೆದಳು. ಆಮೇಲೆ ನಾರಪ್ಪನ ಮನೆಗೆ ನಡೆದೆ.

“ಡೋಲಿನ ಏಟಿಗೆ ಹರಿಗೋಲು ಒಡೆದ್ಹೋಯ್ತದೆ. ನೀನು ಬರ್ಬ್ಯಾಡ.”

“ನಾವು ಬಾರ್ಸೋದು ಡೋಲಿನ ಮ್ಯಾಲೆ ಕಣಮ್ಮ, ಹರಿಗೋಲಿನ ಮ್ಯಾಲಲ್ಲ.”

ಎದುರುತ್ತರ ಬೇರೆ! ಇವನೂ ಮೈದುನನ ಜೊತೆ ಸೇರಿದ್ದಾನೆ ಎಂದುಕೊಂಡೆ.

ಆ ದಿನ ಬಂತು. ಕಲ್ಯಾಣದುರ್ಗದಿಂದ ಭಜನೆಯ ಕರಿಸಿದ್ದಪ್ಪ ಹಾರ್ಮೋನಿಯಂ ಹೊತ್ತು ಬಂದ. ಜೊತೆಗೆ ಅವನ ತಾಯಿ ಗುರುಶಾಂತಮ್ಮ. ಒಳ್ಳೆಯದೇ ಆಯಿತು, ಜಗಳವಾದರೆ ಒಬ್ಬ ಹೆಂಗಸಿನ ಸಾಕ್ಷಿ! ಮೈದುನನ ಕೈಯಲ್ಲಿ ಕೆಂಪು ಬಟ್ಟೆಯ ಗಂಟಿತ್ತು. ಒಪ್ಪಿತದ ಸೀರೆ! ಹರಿಗೋಲು ಹತ್ತಿದವಳೇ ಅದನ್ನು ಕಿತ್ತುಕೊಂಡು ಅದರ ಮೇಲೆ ಕುಳಿತೆ.

“ಅತ್ತಿಗಮ್ಮ, ಅದ್ರಾಗೆ…”

“ಏನೈತೆ ಅಂತ ನಂಗೊತ್ತು, ಸುಮ್ಕಿರು!”

ಹರಿಗೋಲಿನ ಆಂಜನಪ್ಪ ಹುಟ್ಟು ಹಾಕುತ್ತಾ ಕೂಗಿದ. “ಅಮ್ಮಾ, ಕದಲಕಂಡಿ! ಅಲ್ಲಾಡಿದ್ರೆ ಎಲ್ರೂ ನೀರಿಗೇ!”

ಹರಿಗೋಲು ತಿರುಗಿತು. ಗುಡ್ಡ ಬಂತು, ಊರು ಬಂತು, ಮತ್ತೆ ಗುಡ್ಡ ಬಂತು. ನಾನು ಮಾತ್ರ ಮೈದುನನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವನು ಬಾಯಿ ತೆರೆದಾಗಲೆಲ್ಲ, “ಹಾಡಪ್ಪ ಕರಿಸಿದ್ದಪ್ಪ!” ಎಂದೆ. ಹುಡುಗ ಹಾಡಿದ. ಸಾಲದೆಂದು, “ನೀನೂ ಹಾಡು ಭ್ರಮರಿ, ಗಟ್ಯಾಗಿ!” ಎಂದೆ. ಅವಳೂ ಹಾಡಿದಳು. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದರು. ಮೈದುನನಿಗೆ ಉಸಿರೆತ್ತಲು ಜಾಗ ಸಿಗಲಿಲ್ಲ. ಎಂಥ ದಿಗ್ವಿಜಯ!

ಅಷ್ಟರಲ್ಲಿ ಕೆಳಗೆ ಒದ್ದೆಯಾಯಿತು. ಎದ್ದು ನೋಡಿದರೆ ಗಂಟಿನಿಂದ ಬಾಳೆಹಣ್ಣು ಅಪ್ಪಚ್ಚಿಯಾಗಿ ಸೋರುತ್ತಿದೆ.

“ಗಂಗಮ್ಮನ ಪೂಜೇಗೆ ತಂದಿದ್ದು ಕಣ್ರೀ!” ಮೈದುನ ಹಣೆ ಚಚ್ಚಿಕೊಂಡ. “ಕೆರೆ ತುಂಬೈತೆ, ವಾಲಗ ಊದ್ಸಿ ಪೂಜೆ ಮಾಡಾಣ ಅಂದ್ಕಂಡಿದ್ದೆ. ವಾಲಗಾನೂ ಬಿಡ್ಸಿದ್ರಿ, ಹಣ್ಣೂ ಹಿಸುಕ್ಬುಟ್ರಿ!”

“ಹಸುರು ರೇಷ್ಮೆ ಯಾಕೆ ಉಡ್ಸು ಅಂದೆ?”

“ಅಣ್ಣ ಹೋದಾಗ್ನಿಂದ ಆ ಮಗು ಒಂದು ಒಳ್ಳೆ ಸೀರೆ ಉಟ್ಟಿಲ್ವಲ್ಲ ಅತ್ತಿಗಮ್ಮ.”

ಸೀರೆಗೆ ಮೆತ್ತಿದ ಹಣ್ಣು ಒರೆಸಿಕೊಳ್ಳುತ್ತಾ ಕುಳಿತೆ. ಮಾತಾಡಿದ್ದು ಗುರುಶಾಂತಮ್ಮ.

“ಹಂಪಮ್ಮನೋರೆ, ನಮ್ ಹುಡ್ಗಂಗೆ ನಿಮ್ ಭ್ರಮರೀನ ಕೊಟ್ಬುಡಿ. ನೀವಾಗೇ ಬರ್ರಿ ಅಂತ ಕಾಗದ ಹಾಕ್ಸಿದ್ರಲ್ಲ, ಅದ್ಕೇ ಕೇಳಾಕೆ ಧೈರ್ಯ ಬಂತು.”

“ನಾನು ಕರ್ಸಿದ್ದು ಭಜನೇಗೆ!”

ಹಾರ್ಮೋನಿಯಂ ನಿಂತಿತು. ಕರಿಸಿದ್ದಪ್ಪ ನೀರು ನೋಡುತ್ತಿದ್ದ. ನನ್ನ ಮಗಳೂ ಅದೇ ನೀರು ನೋಡುತ್ತಿದ್ದಳು. ಊರಿನ ಮೇಲೆಲ್ಲ ಅನುಮಾನ ಪಟ್ಟೆ, ಪಕ್ಕದಲ್ಲೇ ಕುಳಿತವಳನ್ನು ಬಿಟ್ಟಿದ್ದೆ!

“ಭ್ರಮರೀ! ನನ್ನ ಒಂದ್ಮಾತು ಕೇಳ್ದೆ…”

“ನಿನ್ನ ಕೇಳ್ದೆ ನಾನೇನ್ ಮಾಡ್ದೆ ಹೇಳವ್ವ? ವಾಲಗ ಬಿಡ್ಸಿದ್ದು ನಿನ್ನ ಕೇಳಿ. ಕಾಗದ ಬರ್ದಿದ್ದು ನಿನ್ನ ಕೇಳಿ. ಹಾಡು ಅಂದೋಳೂ ನೀನೇ!”

ಮೊದಲು ಮೈದುನ ನಕ್ಕ. ಆಮೇಲೆ ಆಂಜನಪ್ಪ ನಕ್ಕ. ಹತ್ತು ತಿಂಗಳಾದ ಮೇಲೆ ನನಗೂ ನಗು ಬಂತು. ಎಲ್ಲರೂ ನನ್ನ ಅಪ್ಪಣೆಗೆ ಕಾದು ಕುಳಿತಿದ್ದರು. ಮನೆಯ ಯಜಮಾನಿಗೆ ಅಪ್ಪಣೆ ಕೊಡಲು ಉಳಿದಿದ್ದು ಒಂದೇ ಮಾತು.

“ಆಗ್ಲಿ,” ಎಂದೆ.