ಹಿಂದೆ ಕೂರಲು ಜಾಗವಿಲ್ಲದ ದೊಡ್ಡ ಗಾಲಿಯ ಸೈಕಲ್ಲಿನ ವಿಚಾರವಾಗಿ

ಸೈಕಲ್ ಕಂಪನಿಯ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಇಳಕಲ್ಲಿನಿಂದ ಸವಿನಯ ನಮಸ್ಕಾರಗಳು. ತಾವೂ, ತಮ್ಮ ಕಾರ್ಖಾನೆಯೂ, ಅಲ್ಲಿ ಪಂಖದ ಕೆಳಗೆ ಕೂತು ಪರೀಕ್ಷಾ ವರದಿಗಳಿಗೆ ತೀರ್ಪು ಕೊಡುವ ಮಹನೀಯರೂ ಕ್ಷೇಮವೆಂದು ನಂಬಿದ್ದೇನೆ. ನಾನು ಇಲ್ಲಿನ ಹೆಣ್ಣುಮಕ್ಕಳ ಪ್ರೌಢಶಾಲೆಯ ದೈಹಿಕ ಶಿಕ್ಷಕಿ, ಬಸವೇಶ್ವರಿ. ಮದುವೆಗೆ ಮುಂಚೆ ವಿಜಾಪುರದ ರಸ್ತೆಗಳಲ್ಲಿ ಸೈಕಲ್ ರೇಸಿಗೆ ಇಳಿಯುತ್ತಿದ್ದೆನೆಂಬ ಸುದ್ದಿ ಯಾರಿಂದಲೋ ತಿಳಿದು, ತಾವು ತಮ್ಮ ಹೊಸ ಗುಡ್ಡಗಾಡು ಸೈಕಲ್ಲನ್ನು ಓಡಿಸಿ ನೋಡಲು ನನಗೆ ಕಳಿಸಿದಿರಿ. ಬಾದಾಮಿ ಗುಡ್ಡದ ಮೇಲಿನ ಹಳೆಯ ಕಲ್ಲುದಾರಿಯಲ್ಲಿ ಮಹಾಕೂಟದವರೆಗೆ ಓಡಿಸಿ ವರದಿ ಬರೆದರೆ ಸೈಕಲ್ಲು ಶಾಲೆಗೇ ಉಳಿಯುತ್ತದೆಂದು ಮಾತನ್ನೂ ಕೊಟ್ಟಿರಿ. ನಮ್ಮ ಶಾಲೆಯಲ್ಲಿ ಸೈಕಲ್ ತಂಡವಿದೆ, ಸೈಕಲ್ಲಿಲ್ಲ. ಹುಡುಗಿಯರು ಅಣ್ಣಂದಿರ ಸೈಕಲ್ಲು ಸಿಕ್ಕ ದಿನ ಅಭ್ಯಾಸ ಮಾಡುತ್ತಾರೆ, ಸಿಗದ ದಿನ ಮೈದಾನದ ಸುತ್ತ ಓಡುತ್ತಾರೆ. ಹೀಗಾಗಿ ತಮ್ಮ ಔದಾರ್ಯಕ್ಕೆ ನಾವೆಲ್ಲ ಕರಗಿಹೋದೆವು.

ಯಂತ್ರವನ್ನು ಕಂಡಾಗ ಗೌರವ ಇನ್ನೂ ಹೆಚ್ಚಿತು. ಗಾಲಿಗಳು ನನ್ನ ಸೊಂಟಕ್ಕೆ ಬರುತ್ತಿದ್ದವು. ಮುಂದೆ ಸ್ಪ್ರಿಂಗಿನ ಫೋರ್ಕು. ಹಿಂದೆ ಸ್ಪ್ರಿಂಗೂ ಇಲ್ಲ, ಮಡ್‌ಗಾರ್ಡೂ ಇಲ್ಲ, ಕ್ಯಾರಿಯರೂ ಇಲ್ಲ. ನಿಲ್ಲಿಸಲು ಸ್ಟ್ಯಾಂಡಿಲ್ಲ, ಬಾರಿಸಲು ಗಂಟೆಯಿಲ್ಲ. ಇಷ್ಟೆಲ್ಲ ತೆಗೆದುಹಾಕುವುದಕ್ಕೆ ತಮ್ಮ ಎಂಜಿನಿಯರುಗಳು ಪಟ್ಟ ಶ್ರಮವನ್ನು ನೆನೆದು ಮನಸ್ಸು ತುಂಬಿ ಬಂತು.

ನನ್ನೊಡನೆ ತಮ್ಮ ಪ್ರತಿನಿಧಿ ವೀರೇಶ ಬಾಗಲಕೋಟೆಯಿಂದ ಕ್ಯಾಮೆರಾ ಹಿಡಿದು ಬಂದಿದ್ದರು. ಅವರ ಕೈಯಲ್ಲಿಯೂ ಇಂಥದೇ ಒಂದು ಸೈಕಲ್ಲಿತ್ತು. ಅದನ್ನು ಅವರು ಬಹುಪಾಲು ಹೆಗಲ ಮೇಲೆ ಓಡಿಸಿದರು. ನಾನು ಮಾತ್ರ, ಮಾನ್ಯರೇ, ಪೆಡಲಿನ ಮೇಲೆ ಎದ್ದು ನಿಂತು, ಮೈಯನ್ನು ಸೀಟಿನ ಹಿಂದಕ್ಕೆ ಸರಿಸಿ, ಆ ಕೆಂಪು ಬಂಡೆಗಳ ಮೇಲೆ ಹರಿದೆ. ಸಣ್ಣ ಗಾಲಿಯಾದರೆ ಸಿಕ್ಕಿ ನಿಂತು ಮುಗ್ಗರಿಸುವ ಕಲ್ಲುಗಳನ್ನು ಇದು ಎಮ್ಮೆ ಕೆಸರು ದಾಟುವಂತೆ ಸಾವಕಾಶವಾಗಿ ದಾಟಿತು. ಇಕ್ಕಟ್ಟಿನ ತಿರುವಿನಲ್ಲಿ ಮಾತ್ರ ಹೊರಳಲೊಲ್ಲದು, ಹಿಂದಿನ ಗಾಲಿಯ ಪ್ರತಿ ಏಟೂ ನೇರವಾಗಿ ಬೆನ್ನಿಗೆ ಬಂದು ಲೆಕ್ಕ ಒಪ್ಪಿಸುತ್ತಿತ್ತು. ಒಂದು ಕಡೆ ಬಂಡೆ ಥಟ್ಟನೆ ಕೆಳಗಿಳಿಯುವಲ್ಲಿ ವೀರೇಶರು, "ಟೀಚರ್, ಇಲ್ಲಿ ಬ್ಯಾಡ್ರಿ. ಇಳದು ತಳ್ಕೊಂಡು ಹೋಗ್ರಿ, ಯಾರ್ ನೋಡ್ತಾರ?" ಎಂದರು. ನಾನು ಇಳಿಯಲಿಲ್ಲ, ಓಡಿಸಿಯೇ ದಾಟಿದೆ. ಅಷ್ಟು ವರ್ಷಗಳ ಮೇಲೆ ನನ್ನ ಬಾಯಿಂದ ಒಂದು ಕೇಕೆ ಹೊರಟಿತು. ಅದನ್ನು ವರದಿಯಲ್ಲಿ ಬರೆಯಲು ಜಾಗ ಸಾಲಲಿಲ್ಲ.

ಕೊನೆಗೆ ಉಳಿದದ್ದು ಮಹಾಕೂಟಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲುಗಳು. ವಾರವಿಡೀ ನಾನು ಕನವರಿಸಿದ್ದು ಅವನ್ನೇ. ಚಿತ್ರ ತೆಗೆಯಲೆಂದು ವೀರೇಶರು ಮುಂದೆ ಹೊರಟರು, ನಾಲ್ಕು ಹೆಜ್ಜೆ ಹೋಗಿ ನಿಂತರು. ಅಲ್ಲಿ ಬಂಡೆಯ ನೆರಳಿನಲ್ಲಿ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದಳು. ನಂದಿಕೇಶ್ವರದ ಸಕ್ರವ್ವ, ಬಾದಾಮಿಯಲ್ಲಿ ರೊಟ್ಟಿ ಮೊಸರು ಮಾರಿ ಬುಟ್ಟಿ ಹೊತ್ತು ಊರಿಗೆ ಮರಳುತ್ತಿದ್ದವಳು ಕಾಲು ಹೊರಳಿ ಬಿದ್ದಿದ್ದಳು. ಕಣಕಾಲು ಊದಿ ಬದನೆಕಾಯಿಯಾಗಿತ್ತು.

"ನೀವು ಸೈಕಲ್ ಮ್ಯಾಲನ ಇಳದು ಮುಗಸ್ರಿ ಟೀಚರ್, ಕೆಳಗಿಂದ ಯಾರನ್ನರ ಕಳಸೂಣು" ಎಂದರು ವೀರೇಶರು. ಸಕ್ರವ್ವನೂ, "ಹೋಗವಾ ನೀ, ನಿನ್ನ ಕೆಲಸಾ ನೋಡು. ಬಿಸಲ ಇಳದ ಮ್ಯಾಲ ಹೆಂಗರ ತೆವಳಿಕೋತ ಹೊಕ್ಕೇನಿ" ಎಂದಳು. ನಾನು ಮೆಟ್ಟಿಲುಗಳನ್ನು ನೋಡಿದೆ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವಳ ತುಟಿ ನೋಡಿದೆ. ನೋವಿಗೆ ಕಚ್ಚಿ ಕಚ್ಚಿ ರಕ್ತ ಬಂದಿತ್ತು. ಸೈಕಲ್ಲಿನಿಂದ ಇಳಿದೆ.

ಎಬ್ಬಿಸಿ ನಿಲ್ಲಿಸಿದಾಗ ಅವಳು ತಮ್ಮ ಯಂತ್ರವನ್ನು ಹಿಂದಿನಿಂದ ಮುಂದಿನವರೆಗೂ ನೋಡಿ, "ಏನವಾ, ಇಷ್ಟ ದೊಡ್ಡ ಗಾಲಿ ಮಾಡ್ಯಾರ, ಹಿಂದ ಒಬ್ಬರು ಕುಂಡ್ರಾಕ ಜಾಗಾ ಮಾಡಿಲ್ಲಲ್ಲ!" ಎಂದಳು. ಕಂಪನಿಯ ಪರವಾಗಿ ಉತ್ತರಿಸುವ ಅಧಿಕಾರ ನನಗಿರಲಿಲ್ಲ. ಸೀಟಿನ ಮೇಲೆಯೇ ಒಂದು ಮಗ್ಗುಲಾಗಿ ಕೂರಿಸಿದೆ. ಬುಟ್ಟಿ ಬಿಟ್ಟು ಬರಲು ಅವಳು ಒಪ್ಪದ್ದರಿಂದ ಅದನ್ನು ಹ್ಯಾಂಡಲಿಗೆ ತೂಗುಹಾಕಿ, ಎರಡೂ ಬ್ರೇಕು ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿದೆ. ದೊಡ್ಡ ಗಾಲಿ ಪ್ರತಿ ಮೆಟ್ಟಿಲನ್ನೂ ಮೆಲ್ಲಗೆ ತಬ್ಬಿ ಇಳಿಯಿತು. ಬ್ರೇಕು ಒಮ್ಮೆಯೂ ಜಾರಲಿಲ್ಲ. ಸಕ್ರವ್ವ ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ನನ್ನ ಜುಟ್ಟು ಹಿಡಿದಿದ್ದಳು. ದವಾಖಾನೆಯಲ್ಲಿ ಎಲುಬು ಬಿರುಕು ಬಿಟ್ಟಿದೆಯೆಂದು ಪಟ್ಟಿ ಕಟ್ಟಿದರು. ಈಗ ಮನೆಯಲ್ಲಿ ಕೂತು ಸೊಸೆಯ ರೊಟ್ಟಿಗೆ ಹೆಸರಿಡುತ್ತಿದ್ದಾಳಂತೆ, ಅಂದರೆ ಗುಣವಾಗುತ್ತಿದ್ದಾಳೆ.

ನನಗಿಂತ ಮುಂಚೆಯೇ ಮೆಟ್ಟಿಲಿಳಿದು ಕೆಳಗೆ ಕಾದು ನಿಂತಿದ್ದ ವೀರೇಶರು ನಾನು ಸೈಕಲ್ ತಳ್ಳಿಕೊಂಡು ಬರುವ ಚಿತ್ರವನ್ನು ಸ್ಪಷ್ಟವಾಗಿ ತೆಗೆದು ತಮಗೆ ಕಳಿಸಿದರು. ಕೊನೆಯ ಇಳಿಜಾರಿನಲ್ಲಿ ಸವಾರಿ ಮಾಡದ್ದರಿಂದ "ಪರೀಕ್ಷೆ ಅಪೂರ್ಣ, ಸೈಕಲ್ ಹಿಂದಿರುಗಿಸಿ" ಎಂದು ತಮ್ಮ ಕಚೇರಿ ಬರೆದಿದೆ. ಎಂಥ ನಿಷ್ಪಕ್ಷಪಾತ! ಚಿತ್ರದಲ್ಲಿ ಸೀಟಿನ ಮೇಲೆ ಇಳಕಲ್ ಸೀರೆಯುಟ್ಟು ಕೂತವರು ಯಾರೆಂದು ಕೂಡ ಕೇಳದಷ್ಟು ನಿಷ್ಪಕ್ಷಪಾತ.

ಆದ್ದರಿಂದ ನನ್ನ ಸಣ್ಣ ಬೇಡಿಕೆಗಳನ್ನು ಮನ್ನಿಸಬೇಕು. ಇನ್ನು ಮುಂದೆ ಪರೀಕ್ಷೆಯ ದಿನ ಯಾರೂ ಕಾಲು ಮುರಿದುಕೊಳ್ಳಬಾರದೆಂದು ಬಾದಾಮಿಯಿಂದ ಮಹಾಕೂಟದವರೆಗೆ ತಾವು ಡಂಗುರ ಸಾರಿಸಬೇಕು. ಅದಾಗದಿದ್ದರೆ ತೀರ್ಪು ಕೊಟ್ಟ ಮಹನೀಯರು ಒಮ್ಮೆ ಬಂದು, ತಮ್ಮತಮ್ಮ ಅತ್ತೆಯವರನ್ನು ಆ ಸೀಟಿನ ಮೇಲೆ ಕೂರಿಸಿ, ಅದೇ ಮೆಟ್ಟಿಲು ಇಳಿಸಿ ತೋರಿಸಬೇಕು. ಅತ್ತೆಯವರು ಕೆಳಗೆ ತಲುಪಿ ನಗುತ್ತಿದ್ದರೆ ನನ್ನ ಪರೀಕ್ಷೆ ಅಪೂರ್ಣವೆಂದು ನಾನೇ ಒಪ್ಪಿ ಸಹಿ ಹಾಕುವೆ.

ಸದಾ ತಮ್ಮ ವಿಶ್ವಾಸಿಯಾಗಿರುವ, ಆದರೆ ಸೈಕಲ್ ಹಿಂದಿರುಗಿಸದಿರುವ,
ಬಸವೇಶ್ವರಿ

ತಾ.ಕ.: ಒಯ್ಯಲೇಬೇಕೆಂದಿದ್ದರೆ ಅಡ್ಡಿಯಿಲ್ಲ. ಬೆಳಿಗ್ಗೆಯ ಹೊತ್ತು ಒಂಬತ್ತನೆಯ ತರಗತಿಯ ಸುನಿತಾ ಅದನ್ನು ಹುನಗುಂದದ ರಸ್ತೆಯಲ್ಲಿ ಓಡಿಸುತ್ತಿರುತ್ತಾಳೆ. ಹಿಂದಿನಿಂದ ಬಂದು ಹಿಡಿದವರಿಗೆ ಇಳಿದು ಒಪ್ಪಿಸಬೇಕೆಂದು ಹೇಳಿದ್ದೇನೆ. ಮೊನ್ನೆ ಏರಿನಲ್ಲಿ ಒಂದು ಬಸ್ಸು ಪ್ರಯತ್ನಿಸಿ ಬಿಟ್ಟುಕೊಟ್ಟಿತು.